ಹದಿನಾರು ಬಣ್ಣಗಳಲ್ಲಿ ನಿನ್ನಜ್ಜಿ

ಮನೆ, ಮಹಡಿಯ ಕೋಣೆ,
ಮಾರ್ಚ್ ಒಂಬತ್ತು, ಭಾನುವಾರ ಬೆಳಿಗ್ಗೆ.

ಪ್ರೀತಿಯ ಗಡಿಬಿಡಿ,

ಹೇಗಿದ್ದೀಯಪ್ಪ? ಉಗ್ರಾಣದ ಕೆಲಸವೆಂದರೆ ಧೂಳು ಇದ್ದೇ ಇರುತ್ತದೆ, ನಿನಗೋ ಚಿಕ್ಕಂದಿನಿಂದ ಧೂಳಿಗೆ ಮೂಗು ಕಟ್ಟುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಕೋಣೆಗೆ ಕಿಟಕಿ ಇದೆಯೇ? ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೇ, ಇಲ್ಲಾ ನಿಂತಲ್ಲೇ ನುಂಗಿ ಓಡುವ ಹಳೆಯ ಅಭ್ಯಾಸವೇ? ನಾನು ಗಟ್ಟಿಯಾಗಿದ್ದೇನೆ. ಎಡಗಾಲಿನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ತನ್ನ ಅಭಿಪ್ರಾಯ ಹೇಳುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ನಿನ್ನಪ್ಪನ ಹಡಗು ಮೇ ತಿಂಗಳಿಗೆ ಮುಂಚೆ ದಡಕ್ಕೆ ಬರುವುದಿಲ್ಲವಂತೆ. ನಿನ್ನಕ್ಕ ಚೆನ್ನಾಗಿದ್ದಾಳೆ, ಹದಿನೈದು ದಿನದಿಂದ ಸರಿಯಾಗಿ ತಲೆ ಬಾಚಿಲ್ಲ ಅಷ್ಟೆ. ಕಾರಣ ಮುಂದೆ ಬರೆಯುತ್ತೇನೆ. ನಿನ್ನಮ್ಮನ ಹೊಲಿಗೆ ಯಂತ್ರ ಎಂದಿನಂತೆ ಬೆಳಿಗ್ಗೆ ಆರಕ್ಕೆ ಶುರುವಾಗುತ್ತದೆ. ಅವಳನ್ನು ಹೇಗಿದ್ದೀಯ ಎಂದು ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತಾಳೆ. ಹಾಗೆನ್ನುವಾಗ ಯಂತ್ರ ನಿಲ್ಲಿಸುವುದಿಲ್ಲ.

ಜನವರಿಯಲ್ಲಿ ನೀನು ಹಾಕಿದ ಕಾರ್ಡು ಅವಳ ಯಂತ್ರದ ಖಾನೆಯಲ್ಲಿದೆ. ಮೇಲೆ ಉಗ್ರಾಣದ ವಿಳಾಸ, ಕೆಳಗೆ ಮೂರೇ ಸಾಲು: “ಚೆನ್ನಾಗಿದ್ದೇನೆ. ಕೆಲಸ ಸಿಕ್ಕಿದೆ. ಸದ್ಯಕ್ಕೆ ಯಾರೂ ಬರೆಯಬೇಡಿ.” ಬರೆಯಬೇಡಿ ಎಂದವನಿಗೆ ನಾನು ಬರೆಯುತ್ತಿರುವುದು ಇದು ಎರಡನೆಯ ಸಲ. ಮೊದಲನೆಯದಕ್ಕೆ ನೀನು ಉತ್ತರ ಕೊಡದಿದ್ದುದರಲ್ಲಿ ತಪ್ಪೇನಿಲ್ಲ, ಅದರಲ್ಲಿ ಹವೆಯ ಸಮಾಚಾರ ಬಿಟ್ಟು ಬೇರೇನೂ ಇರಲಿಲ್ಲ. ರೈಲು ಚಾಲಕರ ತರಬೇತಿಗೆ ಲಿಖಿತ ಪರೀಕ್ಷೆಯಲ್ಲಿ ಮೂರನೆಯವನಾಗಿ ಪಾಸಾದವನು ನೀನು. ಕೊನೆಗೆ ಆ ಚುಕ್ಕಿಗಳ ಪುಸ್ತಕದ ಮುಂದೆ ಕೂತು, ಚುಕ್ಕಿಗಳ ನಡುವೆ ಇದೆಯೆಂದು ಅವರು ಹೇಳುವ ಅಂಕಿ ಕಾಣದೆ ಎದ್ದು ಬಂದೆ. ಆ ಸಂಜೆ ನಮ್ಮೊಡನೆ ಆಡಿದ್ದು ಒಂದೇ ಮಾತು: “ನನಗೆ ಬಣ್ಣ ಗೊತ್ತಾಗಲ್ಲವಂತೆ.” ನಾಲ್ಕನೆಯ ದಿನ ಚೀಲ ತುಂಬಿಕೊಂಡು ಹೊರಟೆ. ನಿನ್ನಮ್ಮ ಅಂದಿನಿಂದ ಹೇಳುವುದೂ ಒಂದೇ ಮಾತು. ನಿನಗೆ ಆರು ವರ್ಷವಿದ್ದಾಗ ಬಂದ ಜ್ವರ, ಮೂರು ದಿನ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮನೆಯಲ್ಲೇ ಕಾದದ್ದು. “ಮೊದಲನೇ ದಿನವೇ ಡಾಕ್ಟರ ಹತ್ತಿರ ಓಡಿದ್ದರೆ ಮಗು ಕಣ್ಣು ಉಳೀತಿತ್ತು” ಎನ್ನುತ್ತಾಳೆ. ಊಟದ ಮೇಜಿನಲ್ಲಿ ಹೇಳುತ್ತಾಳೆ, ಸೂಜಿಗೆ ದಾರ ಪೋಣಿಸುತ್ತ ಹೇಳುತ್ತಾಳೆ. ನಾನು ಎದುರಿಗೆ ಕೂತು ತಟ್ಟೆ ನೋಡುತ್ತೇನೆ. ಅವಳಿಗೂ ನಿನಗೂ ಹೇಳಬೇಕಾದದ್ದು ನನ್ನ ಹತ್ತಿರ ಒಂದಿದೆ. ಅದಕ್ಕೇ ಈ ಪತ್ರ. ಆದರೆ ನಿನ್ನಕ್ಕ ಮಾಡಿದ ಕೆಲಸದ ದಾರಿ ಹಿಡಿಯದೆ ನನಗೆ ಅಲ್ಲಿಗೆ ಹೋಗಲು ಬರುವುದಿಲ್ಲ, ಸ್ವಲ್ಪ ತಾಳ್ಮೆಯಿಂದ ಓದು.

ಅವಳು ಪಾಠ ಹೇಳುವ ತಾಂತ್ರಿಕ ಕಾಲೇಜಿಗೆ ಈ ವರ್ಷ ಐವತ್ತು ತುಂಬಿತು. ಅಲ್ಲಿನ ಪ್ರಾಂಶುಪಾಲರು, ನೀವಿಬ್ಬರೂ ಬೆನ್ನ ಹಿಂದೆ ಟೈಮ್‌ಟೇಬಲ್ ಎಂದು ಕರೆಯುವ ಮನುಷ್ಯ, ಪ್ರತಿ ಅಧ್ಯಾಪಕರೂ ಸಾಮಾನು ಕೋಣೆಯಿಂದ ಒಂದೊಂದು ಹಳೆಯ ಯಂತ್ರ ಎತ್ತಿಕೊಂಡು, ಅದನ್ನು ಓಡುವ ಸ್ಥಿತಿಗೆ ತಂದು, ಮಾರ್ಚ್ ಎಂಟರ ಪ್ರದರ್ಶನಕ್ಕೆ ಇಡಬೇಕೆಂದು ಆಜ್ಞೆ ಹೊರಡಿಸಿದರು. ಇವಳ ಪಾಲಿಗೆ ಬಂದದ್ದು ಒಂದು ಮನೆಬಳಕೆಯ ಕಂಪ್ಯೂಟರು. ನಿನ್ನಮ್ಮ ಶಾಲೆಗೆ ಹೋಗುತ್ತಿದ್ದ ಕಾಲದ್ದು. ಕೀಲಿಮಣೆ ಎಂದುಕೊಂಡು ಎತ್ತಿದರೆ ಇಡೀ ಯಂತ್ರವೇ ಅದರೊಳಗೆ. ಅದಕ್ಕೆ ಸ್ವಂತ ಪರದೆ ಇಲ್ಲ, ಟಿವಿಗೆ ತಂತಿ ಸಿಕ್ಕಿಸಬೇಕು. ಕರೆಂಟು ತೆಗೆದರೆ ಕಲಿತದ್ದೆಲ್ಲ ಮರೆತುಬಿಡುತ್ತದೆ. ಮತ್ತೆ ಕ್ಯಾಸೆಟ್ಟು ಹಾಕಿ, ಅದು ಏಳು ನಿಮಿಷ ಕಿರ್ರೆಂದು ಹೇಳಿಕೊಟ್ಟ ಮೇಲೆಯೇ ತಾನು ಯಾರು, ಏನು ಮಾಡಬೇಕು ಎಂಬುದು ಅದಕ್ಕೆ ಗೊತ್ತಾಗುವುದು. ಅದಕ್ಕೆ ಬರುವ ಬಣ್ಣಗಳು ಹದಿನಾರು. ಹದಿನೇಳನೆಯದನ್ನು ಕಲಸಿಕೊಳ್ಳಲು ಯಾವ ಉಪಾಯವೂ ಇಲ್ಲ. ಉಳಿದ ಅಧ್ಯಾಪಕರು ಟೈಪ್‌ರೈಟರಿಗೆ ಎಣ್ಣೆ ಬಿಟ್ಟು ಕೈ ತೊಳೆದುಕೊಂಡರು. ಇವಳೂ ಯಾವುದಾದರೊಂದು ಹಳೆಯ ಆಟ ಹಾಕಿ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಒಂದು ದಿನ ಯಂತ್ರವನ್ನು ಮನೆಗೆ ಹೊತ್ತು ತಂದು, ನನ್ನ ಕೋಣೆಗೆ ಬಂದು, ಗೋಡೆಯ ಮೇಲಿದ್ದ ಅಜ್ಜಿಯ ಫೋಟೋ ಇಳಿಸಿ, “ತಾತ, ಇವರನ್ನ ಟಿವಿಯಲ್ಲಿ ಕೂರಿಸ್ತೀನಿ” ಎಂದಳು.

ಯಾವ ಫೋಟೋ ಎಂದು ನಿನಗೆ ಗೊತ್ತು. ಟೆಲಿಫೋನ್ ಕಚೇರಿಯ ಹಲಗೆಯ ಮುಂದೆ, ಕಿವಿಗೆ ಆ ಕಪ್ಪು ಪಟ್ಟಿ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ತಂತಿ ಹಿಡಿದು, ಯಾರಿಗೋ ‘ಸ್ವಲ್ಪ ಇರಿ’ ಎನ್ನುತ್ತಿರುವ ನಿನ್ನಜ್ಜಿ. ಸ್ಟುಡಿಯೋದಿಂದ ಕಚೇರಿಯ ಫೋಟೋ ತೆಗೆಯಲು ನನ್ನನ್ನು ಕಳಿಸಿದ್ದರು. ನಾನು ಹನ್ನೆರಡು ಜನರ ಗುಂಪಿನ ಚಿತ್ರ ತೆಗೆಯುವುದು ಬಿಟ್ಟು ಒಬ್ಬಳನ್ನೇ ತೆಗೆದು ಬಂದೆ, ಬೈಸಿಕೊಂಡೆ. ಎಡಗಡೆ ಕಿಟಕಿ. ಬೆಳಕು ಹಣೆಯಿಂದ ಕೆನ್ನೆಗಿಳಿದು, ಕೆನ್ನೆಯ ಅರ್ಧಕ್ಕೆ ನಿಧಾನವಾಗಿ ನೆರಳಾಗಿ, ಕತ್ತಿನ ಹತ್ತಿರ ಕತ್ತಲಲ್ಲಿ ಕರಗುತ್ತದೆ. ಎಲ್ಲಿ ಬೆಳಕು ಮುಗಿಯಿತು, ಎಲ್ಲಿ ನೆರಳು ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಆ ಒಂದು ಪ್ರಿಂಟಿಗೆ ಕತ್ತಲೆ ಕೋಣೆಯಲ್ಲಿ ಹನ್ನೊಂದು ಕಾಗದ ಹಾಳು ಮಾಡಿದ್ದೆ.

ನಿನ್ನಕ್ಕ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಆ ಹದಿನಾರರಲ್ಲಿ ಕಪ್ಪು, ಬಿಳುಪು, ನಡುವೆ ಮೂರು ಬೂದು ಇದ್ದವು, ಐದೇ ಮೆಟ್ಟಿಲು. ಫೋಟೋವನ್ನು ಈಗಿನ ಕಂಪ್ಯೂಟರಿನಲ್ಲಿ ಐದು ಮೆಟ್ಟಿಲಿಗೆ ಕುಯ್ದು, ಆ ಚಿತ್ರವನ್ನು ಶಬ್ದವಾಗಿಸಿ, ಕ್ಯಾಸೆಟ್ಟಿಗೆ ತುಂಬಿ, ಹಳೆಯ ಯಂತ್ರಕ್ಕೆ ಕೇಳಿಸಿದಳು. ಏಳು ನಿಮಿಷ ಆ ಕಿರುಗುಟ್ಟುವಿಕೆ ಕೇಳುತ್ತ ಕೂತಿದ್ದಾಗ “ಅಜ್ಜಿ ಲೈನಲ್ಲಿ ಬರ್ತಾ ಇದ್ದಾರೆ, ಸ್ವಲ್ಪ ಇರಿ” ಎಂದಳು. ನನಗೆ ನಗು ಬಂತು. ಆದರೆ ಬಂದವಳು ನಿನ್ನಜ್ಜಿಯಲ್ಲ. ಭೂಪಟದಲ್ಲಿ ಬೆಟ್ಟ ತೋರಿಸಲು ಗೆರೆಯೊಳಗೆ ಗೆರೆ ಹಾಕುತ್ತಾರಲ್ಲ, ಕೆನ್ನೆ ಹಾಗಾಗಿತ್ತು. ನಾನು ಪತ್ರಿಕೆಯಲ್ಲಿ, ಫೋಟೋಗಳನ್ನು ಅಚ್ಚಿಗಿಳಿಸುವ ವಿಭಾಗದಲ್ಲಿ ಕಲಿತ ಚುಕ್ಕಿಯ ವಿದ್ಯೆ ಹೇಳಿಕೊಟ್ಟೆ. ಕಪ್ಪು ಚುಕ್ಕಿ ಒತ್ತೊತ್ತಾಗಿಟ್ಟರೆ ಗಾಢ, ದೂರದೂರವಿಟ್ಟರೆ ತಿಳಿ, ಕಣ್ಣು ತಾನೇ ಬೆರೆಸಿಕೊಳ್ಳುತ್ತದೆ. ಅದನ್ನೂ ಒಂದೇ ದಿನದಲ್ಲಿ ಕಲಿತು ಮಾಡಿದಳು. ಪತ್ರಿಕೆಯ ಚುಕ್ಕಿ ಸಾಸಿವೆಗಿಂತ ಸಣ್ಣದು. ಈ ಯಂತ್ರಕ್ಕೋ ಅಗಲಕ್ಕೆ ನೂರ ಅರವತ್ತು ಚುಕ್ಕಿ, ಎತ್ತರಕ್ಕೆ ಇನ್ನೂರು, ಮುಗಿಯಿತು. ಸುಣ್ಣ ಬಳಿಯುವಾಗ ಕೆಳಗೆ ನಿಂತವರಂತೆ ಮುಖದ ತುಂಬ ಸಿಡಿತ. ಇವಳು ಸಿಟ್ಟಾಗಲಿಲ್ಲ. ಗಲ್ಲಕ್ಕೆ ಕೈ ಕೊಟ್ಟು ಬಹಳ ಹೊತ್ತು ನೋಡುತ್ತಿದ್ದು, “ಯಂತ್ರದ ತಪ್ಪಲ್ಲ ತಾತ, ನಾನು ಅದನ್ನ ಸರಿಯಾಗಿ ಕೇಳಿಲ್ಲ” ಎಂದಳು. ಈ ಮಾತು ನನಗೆ ಬಹಳ ಹಿಡಿಸಿತು. ನನ್ನ ಕಾಲದ ಒಳ್ಳೆಯ ಕೆಲಸಗಾರರೂ ಸಲಕರಣೆಯನ್ನು ಬೈಯುತ್ತಿದ್ದರು, ನಾನೂ ಅವರಲ್ಲೊಬ್ಬ.

ಮಾರನೆಯ ದಿನ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡದೆ ಮಹಡಿ ಹತ್ತಿದಳು. ಅವಳಿಗೆ ಹೊಳೆದದ್ದು ಇದು. ಬಣ್ಣಕ್ಕೆ ಬಣ್ಣವಷ್ಟೇ ಅಲ್ಲ, ಬೆಳಕಿನ ಮಟ್ಟವೂ ಇರುತ್ತದೆ. ಹಳದಿ ತಿಳಿ, ನೀಲಿ ಗಾಢ. ಹದಿನಾರೂ ಬಣ್ಣಗಳನ್ನು ಅವುಗಳ ಹೆಸರು ಮರೆತು ಕತ್ತಲೆಯಿಂದ ಬೆಳಕಿಗೆ ಸಾಲಾಗಿ ನಿಲ್ಲಿಸಿದರೆ ಐದರ ಬದಲು ಎಂಟೋ ಒಂಬತ್ತೋ ಮೆಟ್ಟಿಲು ಸಿಗಬಹುದು. ಆ ಮೆಟ್ಟಿಲುಗಳಲ್ಲಿ ಅಜ್ಜಿಯನ್ನು ಬರೆದು, ಟಿವಿಯ ಬಣ್ಣದ ಗುಂಡಿಯನ್ನು ಸೊನ್ನೆಗೆ ತಿರುಗಿಸಿಬಿಡುವುದು. ಬಣ್ಣ ಹೋಗುತ್ತದೆ, ಬೆಳಕು ಉಳಿಯುತ್ತದೆ, ಬೂದು ತಾನಾಗಿ ಬರುತ್ತದೆ. ಯಂತ್ರಕ್ಕೆ ಇಲ್ಲದ ಬೂದುಗಳನ್ನು ಅದಕ್ಕೇ ತಿಳಿಯದಂತೆ ಅದರಿಂದ ಹೊರಡಿಸುವುದು! ನಾನು ಎದ್ದು ನಿಂತೆ. ಇಪ್ಪತ್ತಾರು ವರ್ಷದ ಹುಡುಗಿ, ಕತ್ತಲೆ ಕೋಣೆಯ ಒಳಗೆ ಕಾಲಿಟ್ಟವಳಲ್ಲ, ಅಲ್ಲಿ ನಾನು ಕಲಿತದ್ದನ್ನೆಲ್ಲ ಒಂದು ವಾಕ್ಯದಲ್ಲಿ ಹೇಳಿದ್ದಳು. ಪುಸ್ತಕದಲ್ಲಿ ಬಣ್ಣಗಳ ಹೆಸರು ಮಾತ್ರ ಇತ್ತು, ಬೆಳಕಿನ ಅಳತೆ ಇರಲಿಲ್ಲ. ಅಂತರ್ಜಾಲದಲ್ಲಿ ಮೂರು ಪಟ್ಟಿ ಸಿಕ್ಕವು, ಒಂದಕ್ಕೊಂದು ತಾಳೆಯಿಲ್ಲ. ಗುಂಡಿ ತಿರುಗಿಸಿ ನೋಡಿದ್ದರೆ ಐದು ನಿಮಿಷದ ಕೆಲಸ. ಆದರೆ ನಮ್ಮ ಹಳೆಯ ಟಿವಿಯ ಬಣ್ಣದ ಗುಂಡಿ ಎಂದೋ ಮುರಿದು, ಮೊಟುಕು ಕಡ್ಡಿಯೊಂದು ಮಾತ್ರ ಉಳಿದಿದೆ. ಎಳೆದಾಡಿದರೆ ಒಳಗಿನದೂ ಹೋದೀತು ಎಂದು ಹೆದರಿ, ರಿಪೇರಿಯವನಿಗೆ ಹೇಳಿಕಳಿಸಿ, ಅವನು ಬರುವವರೆಗೆ ಕಣ್ಣಳತೆಯಲ್ಲೇ ಜೋಡಿಸುತ್ತೇನೆ ಎಂದು ಕೂತಳು.

ಪರದೆಯ ಮೇಲೆ ಹದಿನಾರು ಪಟ್ಟೆಗಳನ್ನು ನಿಲ್ಲಿಸಿ ನನ್ನನ್ನು ಕರೆದಳು. ನೋಡಿದೆ. “ಇದೊಂದನ್ನ ಎರಡು ಸಲ ಹಾಕಿದ್ದೀಯಲ್ಲಮ್ಮ” ಎಂದೆ. “ಯಾವುದು?” ತೋರಿಸಿದೆ. ಅವಳು ಜೋರಾಗಿ ನಕ್ಕಳು. “ಒಂದು ಹಸಿರು, ಒಂದು ತಿಳಿಗೆಂಪು! ಕನ್ನಡಕ ಎಲ್ಲಿಟ್ಟಿದ್ದೀರ ತಾತ? ಮೂಗಿನ ಮೇಲೆ ಇದೆಯಲ್ಲ!” ನಾನೂ ನಕ್ಕೆ, ಕನ್ನಡಕ ತೆಗೆದು ಒರೆಸಿದೆ, ವಯಸ್ಸಾಯಿತು ಎಂದೆ. ಎಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದ ಕೆಲಸ ಅದು, ಸಲೀಸಾಗಿ ಆಯಿತು. ಅವಳು ಕೆಂಪನ್ನು ಸಾಲಿನ ನಡುಮಧ್ಯದಲ್ಲಿಟ್ಟಿದ್ದಳು, ಕೆಂಪು ಕಣ್ಣಿಗೆ ಹೊಡೆಯುತ್ತದಂತೆ, ಆದ್ದರಿಂದ ಬೆಳಕು ಹೆಚ್ಚಿರಬೇಕಂತೆ. ನನ್ನ ಕಣ್ಣಿಗೆ ಅದು ಹೊಡೆಯಲಿಲ್ಲ. ಅದರ ಜಾಗ ಕೆಳಗೆ, ಗಾಢ ಬೂದಿನ ಪಕ್ಕದಲ್ಲಿ ಎಂಬುದು ನನಗೆ ಮುಖಕ್ಕೆ ಮುಖ ಕಂಡಷ್ಟು ಸ್ಪಷ್ಟವಾಗಿತ್ತು. ಹೇಳಲಿಲ್ಲ. ಹೇಳಿದರೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾಳಲ್ಲ. ತಪ್ಪೆಂದು ಗೊತ್ತಿದ್ದೂ ಅವಳನ್ನು ಎರಡು ದಿನ ಆ ಸಾಲಿನ ಮೇಲೆಯೇ ಕೆಲಸ ಮಾಡಲು ಬಿಟ್ಟೆ. ಮತ್ತೆ ಅದು ಸುಲಭದ ಕೆಲಸವೇ! ಪ್ರತಿ ಪುಟ್ಟ ಚೌಕಕ್ಕೆ ನಾಲ್ಕೇ ಬಣ್ಣ ಎಂದು ಆ ಯಂತ್ರದ ಕಟ್ಟುಪಾಡು. ಕೆನ್ನೆಯ ಅಂಚು, ಕಿವಿಯ ಪಟ್ಟಿ, ಹಿಂದಿನ ಹಲಗೆ ಮೂರೂ ಒಂದೇ ಚೌಕದಲ್ಲಿ ಬಂದಾಗ ಯಾವುದನ್ನು ಬಿಡುವುದು, ಯಾವುದನ್ನು ಉಳಿಸುವುದು? ಅಂಥ ಸಾವಿರ ಚೌಕಗಳು. ಕೆಲವನ್ನು ಲೆಕ್ಕ ಮಾಡಿಸಿದಳು, ಮುಖದ ಮೇಲಿನ ನೂರಾ ಎಂಬತ್ತನ್ನು ಒಂದೊಂದಾಗಿ ಕೈಯಲ್ಲೇ ತಿದ್ದಿದಳು.

ಬುಧವಾರ ಸಂಜೆ ಕ್ಯಾಸೆಟ್ಟು ಕಿರುಗುಟ್ಟಿ ಮುಗಿಯಿತು, ಚಿತ್ರ ಬಂತು. ಗುಂಡಿ ಇನ್ನೂ ಬಂದಿರಲಿಲ್ಲ. ನಿನ್ನಕ್ಕ, “ನೋಡಿ ತಾತ, ರಂಗಿನ ಅಂಗಡಿಗೆ ಲಾರಿ ನುಗ್ಗಿದ ಹಾಗಿದೆ. ಗುಂಡಿ ಹಾಕೋವರೆಗೂ ಇದೇ ಗತಿ” ಎನ್ನುತ್ತಿದ್ದಳು. ನಾನು ಅವಳ ಮಾತು ಕೇಳುತ್ತಿರಲಿಲ್ಲ. ಕಿಟಕಿಯ ಬೆಳಕು, ಹಣೆ, ಕೈಯಲ್ಲಿನ ತಂತಿ, ‘ಸ್ವಲ್ಪ ಇರಿ’ ಎನ್ನುವ ಬಾಯಿ. ಅಲ್ಲಲ್ಲಿ ತುಸು ನೀಲಿ, ತುಸು ಹಳದಿ, ಅಷ್ಟು ಬಿಟ್ಟರೆ ನಿನ್ನಜ್ಜಿಯೇ. ಬಾಯಿ ತಾನಾಗಿ ತೆರೆಯಿತು: “ಎಲ್ಲಾ ಸರಿಯಾಗಿದೆ. ಆದರೆ ಅವಳಿಗೆ ಮೀಸೆ ಯಾಕೆ ಬರೆದೆ?”

“ಯಾರಿಗೆ? ಎಲ್ಲಿ?” ಎಂದಳು. ಮೇಲ್ದುಟಿಯ ಮೇಲಿನ ನೆರಳನ್ನು ಗಾಜಿನ ಮೇಲೆ ಬೆರಳಿಂದ ಎಳೆದು ತೋರಿಸಿದೆ, ಕತ್ತಿನ ಪಕ್ಕದ ಮಚ್ಚೆಯಂಥದ್ದನ್ನೂ ತೋರಿಸಿದೆ. ಅವಳಿಗೆ ಅಲ್ಲಿ ಕಾಣುತ್ತಿದ್ದುದು ಕೆಂಪು, ನೇರಳೆ, ಹಸಿರಿನ ಗೊಂದಲ, ಅಷ್ಟೆ. ಒಂದು ಕ್ಷಣ ನನ್ನ ಬೆರಳು ನೋಡಿದಳು. ಆಮೇಲೆ ಕೆಳಗೆ ಹೋಗಿ ಇಕ್ಕಳ ತಂದಳು. ಮೂರು ದಿನ ಹೆದರಿ ಮುಟ್ಟದಿದ್ದ ಆ ಮೊಟುಕು ಕಡ್ಡಿಯನ್ನು ಇಕ್ಕಳದಿಂದ ಕಚ್ಚಿ ಹಿಡಿದು ಮೆಲ್ಲಗೆ ತಿರುಗಿಸಿದಳು. ಬಣ್ಣ ಇಳಿಯುತ್ತ ಹೋಗಿ ಪೂರ್ತಿ ಬೂದಾಯಿತು. ಅಜ್ಜಿ ಬಂದಳು. ಮೂಗಿನ ಕೆಳಗೆ, ನಾನು ಬೆರಳೆಳೆದ ಜಾಗದಲ್ಲೇ, ಪೊಲೀಸಿನವರಿಗೆ ಒಪ್ಪುವಂಥ ಮೀಸೆ, ಸಾಲಿನಲ್ಲಿ ತಪ್ಪು ಜಾಗಕ್ಕಿಟ್ಟ ಆ ಕೆಂಪಿನ ಫಲ. ನಿನ್ನಕ್ಕ ಪರದೆಯನ್ನು ನೋಡಲಿಲ್ಲ. ಇಕ್ಕಳ ಹಿಡಿದುಕೊಂಡೇ ನನ್ನ ಕಡೆ ತಿರುಗಿ, “ತಾತ, ನಿಮಗೆ ಮೊದಲಿಂದಲೂ ಹೀಗೇ ಕಾಣ್ತಿತ್ತಾ?” ಎಂದಳು.

ಹೌದು ಎಂದೆ. ಅಷ್ಟು ಹೇಳಲು ಎಪ್ಪತ್ತೆಂಟು ವರ್ಷ ಹಿಡಿಯಿತು.

ಆಮೇಲೆ ಅವಳು ಮಾಡಿದ ಕೆಲಸ ನೋಡು. ಅಯ್ಯೋ ಎನ್ನಲಿಲ್ಲ, ಯಾಕೆ ಮುಚ್ಚಿಟ್ಟಿರಿ ಎನ್ನಲಿಲ್ಲ. ಕಡ್ಡಿಯನ್ನು ಹಿಂದಕ್ಕೆ ತಿರುಗಿಸಿ ಬಣ್ಣ ತುಂಬಿ, ಪಟ್ಟೆಗಳನ್ನು ಕಲಸಿ ನಿಲ್ಲಿಸಿ, ಕಾಗದ ಪೆನ್ಸಿಲು ನನ್ನ ಕೈಗಿಟ್ಟು, “ಜೋಡಿಸಿ” ಎಂದಳು. ನಾನು ಕಪ್ಪಿನಿಂದ ಬಿಳುಪಿಗೆ ಸಾಲು ಬರೆದೆ. ಕೆಂಪು ಗಾಢ ಬೂದಿನ ಜೊತೆ, ಕಿತ್ತಳೆ ನೇರಳೆಯ ಜೊತೆ, ಹಸಿರು ತಿಳಿಗೆಂಪಿನ ಜೊತೆ. ಬಣ್ಣ ತೆಗೆದು ಒಂದೊಂದನ್ನೂ ತಾಳೆ ನೋಡಿದಳು. ನೀಲಿಯನ್ನು ಕಂದು ಬಣ್ಣಕ್ಕಿಂತ ಒಂದು ಮೆಟ್ಟಿಲು ಕೆಳಗಿಟ್ಟಿದ್ದೆ, ಅವೆರಡೂ ಸಮ. ಅದೊಂದು ಬಿಟ್ಟು ಉಳಿದದ್ದೆಲ್ಲ ಸರಿ. ಒಂಬತ್ತು ಮೆಟ್ಟಿಲು ಸಿಕ್ಕಿತು. ಗುರುವಾರ, ಶುಕ್ರವಾರ ಕಾಲೇಜಿಗೆ ರಜೆ ಹಾಕಿ ಪೂರ್ತಿ ಚಿತ್ರವನ್ನು ಹೊಸದಾಗಿ ಕಟ್ಟಿದಳು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಕೆನ್ನೆಯ ಚೌಕಗಳಿಗೆ ಬಂದಾಗ ನಾನು ಕತ್ತಲೆ ಕೋಣೆಯಲ್ಲಿ ಕೈ ಅಡ್ಡ ಹಿಡಿದು ಬೆಳಕು ತಡೆಯುತ್ತಿದ್ದುದನ್ನು ತೋರಿಸಿದೆ, ಅವಳು ಅದನ್ನೇ ಅಂಕಿಗಳಲ್ಲಿ ಮಾಡಿದಳು. ಅಷ್ಟು ಸಂತೋಷದ ಎರಡು ದಿನ ನಿನ್ನಜ್ಜಿ ಹೋದ ಮೇಲೆ ನನಗೆ ಸಿಕ್ಕಿರಲಿಲ್ಲ. ಆ ಯಂತ್ರವನ್ನು ಕಟ್ಟಿದವರು ಯಾರೋ, ಬೂದು ಬೇಕಾದೀತೆಂದು ಅವರಿಗೆ ಅನಿಸಿರಲಾರದು. ಆದರೂ ಪ್ರತಿ ಬಣ್ಣಕ್ಕೂ ಒಂದು ಬೆಳಕಿನ ಜೋಡಿ ಇಟ್ಟು ಹೋಗಿದ್ದಾರೆ. ಯಾರೆಂದು ತಿಳಿದಿದ್ದರೆ ಎದ್ದು ನಿಂತು ಕೈ ಮುಗಿಯುತ್ತಿದ್ದೆ.

ಈಗ ನನ್ನ ವಿಷಯ. ಹಣ್ಣಾದದ್ದು, ಕಾಯಾಗಿದ್ದದ್ದು ನನಗೆ ಎಂದೂ ಬಣ್ಣದಿಂದ ಗೊತ್ತಾದದ್ದಿಲ್ಲ, ಒತ್ತಿ ನೋಡಿ ತಿಳಿಯುತ್ತಿದ್ದೆ. ಶಾಲೆಯಲ್ಲಿ ಬಣ್ಣದ ಕಡ್ಡಿಗಳ ಮೇಲಿನ ಹೆಸರು ಓದಿ ಬಣ್ಣ ಹಚ್ಚುತ್ತಿದ್ದೆ. ಕತ್ತಲೆ ಕೋಣೆಯಲ್ಲಿ ಕೆಲಸ ಸಿಕ್ಕಿದಾಗ ಬದುಕಿದೆ ಎನಿಸಿತು. ಆ ಕೆಂಪು ದೀಪದ ಕೆಳಗೆ ಯಾರಿಗೂ ಬಣ್ಣ ಕಾಣುವುದಿಲ್ಲ, ಎಲ್ಲರೂ ನನ್ನಂತೆಯೇ. ಇಪ್ಪತ್ತು ವರ್ಷ ಅಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಆಮೇಲೆ ಬಣ್ಣದ ಫೋಟೋ ಬಂತು. ಮಾಲೀಕ ಮೊದಲ ಬಣ್ಣದ ಪ್ರಿಂಟಿನ ಕೆಲಸವನ್ನು, ಇದ್ದವರಲ್ಲಿ ಒಳ್ಳೆಯವನೆಂದು ನನಗೇ ಕೊಟ್ಟ. ಒಂದು ಕುಟುಂಬದ ಚಿತ್ರ, ಏಳು ಜನ. ನಾನು ಮಾಡಿಕೊಟ್ಟದ್ದನ್ನು ಕೈಯಲ್ಲಿ ಹಿಡಿದು ಎಲ್ಲರ ಮುಂದೆ ಕೇಳಿದ: “ಏನಯ್ಯಾ, ಇವರನ್ನೆಲ್ಲ ಪಾಚಿ ಕೆರೆಯಿಂದ ಎತ್ತಿ ತಂದೆಯಾ?” ಮುಖಗಳೆಲ್ಲ ಹಸಿರಾಗಿದ್ದವಂತೆ. ನನಗೆ ನಾಲಗೆಗೆ ಬಂದದ್ದು ಹೇಳಿದೆ: “ಬಣ್ಣದ ಫೋಟೋದಲ್ಲಿ ಚರ್ಮ ಇರುತ್ತೆ, ಮುಖ ಇರಲ್ಲ. ನನಗೆ ಅದು ಬೇಡ.” ಕೆಲಸ ಬಿಟ್ಟು ಪತ್ರಿಕೆಗೆ ಸೇರಿದೆ. ಕೇಳಲು ಚೆನ್ನಾಗಿದ್ದುದರಿಂದ ಆ ಮಾತು ಊರಿನಲ್ಲಿ ಉಳಿಯಿತು. ಹಟವಾದಿ, ಕಲೆಗಾಗಿ ಕೆಲಸ ಬಿಟ್ಟವ ಎಂದರು. ನಿಜ ಗೊತ್ತಿದ್ದವಳು ನಿನ್ನಜ್ಜಿ ಒಬ್ಬಳೇ. ಅವಳು ನನ್ನ ಕಾಲುಚೀಲಗಳನ್ನು ಒಗೆದು ಜೋಡಿ ಗಂಟು ಹಾಕಿಯೇ ಇಡುತ್ತಿದ್ದಳು, ಒಂದು ದಿನವೂ ಅದನ್ನು ಬಾಯಿ ಬಿಟ್ಟು ಆಡಲಿಲ್ಲ. ನಿನ್ನಮ್ಮ ಹೊಲಿಗೆ ಕಲಿತ ಮೇಲೆ “ಅಪ್ಪ, ಈ ದಾರ ಈ ಬಟ್ಟೆಗೆ ಸರಿಹೋಗುತ್ತಾ?” ಎಂದು ತಂದು ತೋರಿಸುತ್ತಿದ್ದಳು. “ನಿನ್ನ ಕೈ ಎಂದಾದರೂ ತಪ್ಪಿದ್ದುಂಟೇನಮ್ಮ” ಎನ್ನುತ್ತಿದ್ದೆ. ಹೊಗಳಿಕೆ ಎಂದುಕೊಂಡು ಕೆಂಪಾಗುತ್ತಿದ್ದಳೋ ಏನೋ, ಅದೂ ನನಗೆ ಕಂಡಿಲ್ಲ.

ನಿನ್ನೆ ಪ್ರದರ್ಶನ. ರಿಪೇರಿಯವನು ಕೊನೆಗೂ ಬಂದು ಟಿವಿಗೆ ಹೊಸ ಗುಂಡಿ ಹಾಕಿಕೊಟ್ಟಿದ್ದ. ಜನ ಬಂದು ನಿಂತಾಗ ನಿನ್ನಕ್ಕ ಮೊದಲು ಬಣ್ಣದಲ್ಲೇ ತೋರಿಸುತ್ತಿದ್ದಳು. “ಏನಿದು?” ಎಂದು ಕೇಳಿದವರು ಆ ಗುಂಡಿ ತಿರುಗುತ್ತಿದ್ದಂತೆ ಒಂದು ಹೆಜ್ಜೆ ಮುಂದೆ ಬರುತ್ತಿದ್ದರು. ಟೈಮ್‌ಟೇಬಲ್ ಐದು ನಿಮಿಷದ ಭೇಟಿಗೆಂದು ಬಂದವರು ಇಪ್ಪತ್ತು ನಿಮಿಷ ನಿಂತು, ಮೂರು ಸಲ ತಾವೇ ಗುಂಡಿ ತಿರುಗಿಸಿ, ಮುಂದಿನ ಕಾರ್ಯಕ್ರಮ ತಪ್ಪಿಸಿಕೊಂಡರು. ಟೆಲಿಫೋನ್ ಕಚೇರಿಯಲ್ಲಿ ನಿನ್ನಜ್ಜಿಯ ಪಕ್ಕದ ಕುರ್ಚಿಯವರು, ಈಗ ಎಂಬತ್ತರ ಹತ್ತಿರ, ಮಗಳ ತೋಳು ಹಿಡಿದು ಬಂದಿದ್ದರು. ಪರದೆಗೆ ಮುಖ ಹತ್ತಿರ ತಂದು, “ಏನೇ, ಆ ಮನುಷ್ಯನಿಗೆ ಇನ್ನೂ ಲೈನ್ ಕೊಟ್ಟಿಲ್ವಾ?” ಎಂದರು. ನಿನ್ನಕ್ಕ ಆ ಕಡೆ ತಿರುಗಿ ನಿಂತು ತಂತಿ ಸರಿಮಾಡುವಂತೆ ಏನೋ ಮಾಡಿದಳು.

ನಿನ್ನಮ್ಮನೂ ಅಲ್ಲಿದ್ದಳು. ಬಹಳ ದಿನದ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು. ಬಂದವರಿಗೆಲ್ಲ ಹೇಳುತ್ತಿದ್ದಳು: “ನಮ್ಮಪ್ಪ ತೆಗೆದ ಫೋಟೋ. ಜೀವಮಾನದಲ್ಲಿ ಒಂದು ಬಣ್ಣದ ಫೋಟೋ ಮುಟ್ಟಲಿಲ್ಲ, ಅಂಥ ಕಣ್ಣು ಅವರದು.” ಆಮೇಲೆ ಧ್ವನಿ ಇಳಿಸಿ ಆ ವೃದ್ಧೆಯ ಹತ್ತಿರ, “ಇಂಥವರ ಮನೆಯಲ್ಲಿ ಹುಟ್ಟಿದ ಮಗುವಿನ ಕಣ್ಣನ್ನ ನನ್ನ ಕೈಯಾರೆ ಕಳೆದೆ” ಎಂದಳು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಅವಳ ಮಾತಿನ ಮೊದಲರ್ಧವೂ ಸುಳ್ಳು, ಎರಡನೆಯ ಅರ್ಧವೂ ಸುಳ್ಳು. ಎರಡನ್ನೂ ಕಟ್ಟಿಕೊಟ್ಟವನು ನಾನು. ನಿನ್ನಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತು, ಆದರೂ ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದಾಳೆ. ಇಡೀ ಸಭಾಂಗಣದ ಮುಂದೆ ಬಾಯಿ ತೆರೆದೆ. ನೀರು ಬೇಕು ಎಂದೆ.

ಗಡಿಬಿಡಿ, ನಮ್ಮ ಈ ಕಣ್ಣು ಒಂದು ವರ ಎಂದು ಹೇಳಲು ನಾನು ಬರೆಯುತ್ತಿಲ್ಲ. ಈ ಕಣ್ಣಿನಿಂದ ರೈಲು ಓಡಿಸಲಾಗದು. ಮುಂದಿನ ದೀಪ ಕೆಂಪೋ ಹಸಿರೋ ಎಂದು ಊಹಿಸುವವನ ಹಿಂದೆ ಎಂಟುನೂರು ಜನ ಕೂರುವುದು ಬೇಡ, ಅವರು ನಿನ್ನನ್ನು ತಡೆದದ್ದು ಸರಿ. ಅದಕ್ಕಾಗಿ ನೀನು ಪಟ್ಟ ದುಃಖವೂ ಸರಿ. ನಾನು ಹೇಳುವುದು ಇಷ್ಟೆ. ನೀನು ಯಾವ ತಪ್ಪನ್ನೂ ಮಾಡಿಲ್ಲ, ಯಾವುದನ್ನೂ ಕಳೆದುಕೊಂಡಿಲ್ಲ, ಹುಟ್ಟಿದಂದಿನಿಂದ ನೀನು ನೋಡಿದ್ದು ಇದನ್ನೇ. ನಾನು ಅದನ್ನು ನಾಚಿಕೆ ಎಂದುಕೊಂಡು ಒಂದು ಜೀವಮಾನ ಹಟವಾದಿಯ ವೇಷ ಹಾಕಿದೆ. ನೀನು ಪರೀಕ್ಷೆಯಿಂದ ಬಂದ ದಿನವೇ, ಅದೇ ಸಂಜೆ, ಪಕ್ಕದಲ್ಲಿ ಕೂತು ‘ನನಗೂ ಅಷ್ಟೇ ಕಣೋ’ ಎಂದಿದ್ದರೆ ನೀನು ಆ ಚೀಲ ತುಂಬುತ್ತಿರಲಿಲ್ಲವೇನೋ. ನಾಲ್ಕು ದಿನ ಸಮಯವಿತ್ತು. ಹೇಳಲಿಲ್ಲ. ಅದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ.

ದೇಹ ನೋಡಿಕೋ. ರಾತ್ರಿ ಕಿಟಕಿ ತೆರೆದು ಮಲಗು. ನಿನ್ನಕ್ಕ ತನ್ನ ಪ್ರೀತಿಯನ್ನೂ, ಆ ಚಿತ್ರವಿರುವ ಕ್ಯಾಸೆಟ್ಟಿನ ಒಂದು ಪ್ರತಿಯನ್ನೂ ಇದರ ಜೊತೆ ಇಟ್ಟಿದ್ದಾಳೆ. ಯಂತ್ರವಿಲ್ಲದೆ ಅದನ್ನೇನು ಮಾಡುತ್ತಾನೆ ಎಂದರೆ, “ಕೇಳಿಸಿಕೊಳ್ಳಲಿ” ಎನ್ನುತ್ತಾಳೆ. ನಿನಗೆ ಒಳ್ಳೆಯದಾಗಲಿ, ಹೋದಲ್ಲಿ ನಾಲ್ಕು ಜನ ಒಳ್ಳೆಯವರು ಸಿಗಲಿ.

ಇಂತು ನಿನ್ನ ಹಿತವನ್ನೇ ಬಯಸುವ,
ತಾತ

ತಾ.ಕ.: ನಿನ್ನಮ್ಮ ಕೆಳಗಿನಿಂದ ಕೂಗುತ್ತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನಕ್ಕ ಕಣ್ಣಿನ ಡಾಕ್ಟರೊಬ್ಬರನ್ನು ಕಂಡು ಬಂದಿದ್ದಾಳೆ. ಇದು ಜ್ವರದಿಂದ ಬರುವುದಲ್ಲವಂತೆ. ತಾತನಿಂದ ಮಗಳಿಗೆ, ಮಗಳಿಂದ ಮೊಮ್ಮಗನಿಗೆ ಇಳಿಯುತ್ತದಂತೆ. ನಡುವಿನ ಮಗಳಿಗೆ ಎಲ್ಲ ಬಣ್ಣವೂ ಚೆನ್ನಾಗಿ ಕಾಣುತ್ತದೆ, ತಾನು ಅದನ್ನು ಹೊತ್ತು ತಂದೆ ಎಂಬುದೇ ಗೊತ್ತಾಗುವುದಿಲ್ಲ. ಅಂದರೆ ಕೊಟ್ಟವನು ನಾನು. ಇದನ್ನು ಅವಳ ಮುಖ ನೋಡಿ ಹೇಳಲು ನಿನ್ನೆ ರಾತ್ರಿಯೂ ಆಗಲಿಲ್ಲ, ಇಂದು ಬೆಳಿಗ್ಗೆಯೂ ಆಗಲಿಲ್ಲ. ಆದ್ದರಿಂದ ಈ ಪತ್ರವನ್ನು ಲಕೋಟೆಗೆ ಅಂಟು ಹಚ್ಚದೆ ಅವಳ ಕೈಗೇ ಕೊಡುತ್ತಿದ್ದೇನೆ, ಪೂರ್ತಿ ಓದಿ ಆಮೇಲೆ ಅಂಚೆಗೆ ಹಾಕು ಎಂದು. ಇದು ನಿನ್ನ ಕೈ ಸೇರಿದೆ ಎಂದರೆ ಅವಳು ಓದಿದ್ದಾಳೆ. ಮೊದಲು ಅವಳಿಗೆ ಬರಿ. ನನಗೆ ಬರೆಯುವುದು ಆಮೇಲಾದರೂ ಆದೀತು.